ಬಡಿಗೇರ ಮನೆತನಗಳು (ವಿಜಯಪುರ ಸೀಮೆ)

ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ಸೀಮೆಯ ಊರುಗಳಲ್ಲಿ ಮರಗೆಲಸವನ್ನು ತಲೆಮಾರುಗಳಿಂದ ನಡೆಸುತ್ತ ಬಂದ ಕುಶಲಕರ್ಮಿ ಕುಟುಂಬಗಳಿಗೆ ಬಡಿಗೇರ ಮನೆತನಗಳು ಎಂದು ಹೆಸರು. ಒಕ್ಕಲುತನದ ಉಪಕರಣ, ಬಂಡಿ, ಮನೆಯ ತೊಲೆ-ಬಾಗಿಲು, ಗಾಣ, ತೊಟ್ಟಿಲು ಇವೆಲ್ಲ ಈ ಮನೆತನಗಳ ಕೈಯಲ್ಲಿ ಸಿದ್ಧವಾಗುತ್ತಿದ್ದವು. ಇವರಲ್ಲಿ ಹೆಚ್ಚಿನವರು ವಿಶ್ವಕರ್ಮ (ಪಾಂಚಾಳ) ಸಮುದಾಯದವರು. ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವ ಊರುಗಳಲ್ಲಿ ಇದೇ ಕಸುಬಿನವರಿಗೆ ಸುತಾರ ಎಂಬ ಹೆಸರೂ ಇದೆ. ತಿಕೋಟಾ ಮತ್ತು ಬಬಲೇಶ್ವರ ಮೊದಲು ವಿಜಯಪುರ ತಾಲ್ಲೂಕಿನಲ್ಲೇ ಇದ್ದು, ಈಗ ಪ್ರತ್ಯೇಕ ತಾಲ್ಲೂಕುಗಳಾಗಿವೆ. ಈ ಲೇಖನದಲ್ಲಿ ಮೂರನ್ನೂ ಒಂದೇ ಸೀಮೆಯಾಗಿ ತೆಗೆದುಕೊಂಡಿದೆ.

ಮರದ ಉದ್ಯಮವೆಂದರೆ ಕಾಡು, ಗುತ್ತಿಗೆದಾರ, ಆನೆ, ನಾಟಾ ಡಿಪೊ ನೆನಪಿಗೆ ಬರುತ್ತವೆ. ವಿಜಯಪುರ ಸೀಮೆಯಲ್ಲಿ ಇವಾವುವೂ ಇರಲಿಲ್ಲ. ಜಿಲ್ಲೆಯಲ್ಲಿ ಅರಣ್ಯದ ಪಾಲು ಶೇಕಡಾ 1ಕ್ಕೂ ಕಡಿಮೆ. ಇಷ್ಟು ಕಡಿಮೆ ಅರಣ್ಯವಿರುವ ಜಿಲ್ಲೆ ರಾಜ್ಯದಲ್ಲಿ ಅಪರೂಪ. ಹಾಗಾಗಿ ಇಲ್ಲಿನ ಮರದ ಉದ್ಯಮ ಬೆಳೆದದ್ದು ಕಾಡಿನಲ್ಲಲ್ಲ, ಬಡಿಗೇರರ ಮನೆಯ ಮುಂದಿನ ಬಯಲಿನಲ್ಲಿ. ನಿಂತ ಮರವನ್ನು ಗುರುತಿಸುವುದು, ಕಡಿಸುವುದು, ನೀರಲ್ಲಿ ನೆನೆಹಾಕುವುದು, ಕೊಯ್ಯುವುದು, ಒಣಗಿಸುವುದು, ಜೋಡಿಸುವುದು, ವರ್ಷ ವರ್ಷ ರಿಪೇರಿ ಮಾಡುವುದು, ಹಳೆಯದನ್ನು ಬಿಚ್ಚಿ ಹೊಸದಕ್ಕೆ ಬಳಸುವುದು ಎಲ್ಲವೂ ಒಂದೇ ಮನೆತನದ ಕೆಲಸವಾಗಿತ್ತು.

ಮೂಲ ಮತ್ತು ಇತಿಹಾಸ

ವಿಶ್ವಕರ್ಮ ಪರಂಪರೆಯಲ್ಲಿ ಐದು ಕಸುಬುಗಳಿಗೆ ಐದು ಗೋತ್ರಗಳನ್ನು ಹೇಳುತ್ತಾರೆ: ಕಮ್ಮಾರಿಕೆಗೆ ಸಾನಗ, ಮರಗೆಲಸಕ್ಕೆ ಸನಾತನ, ಕಂಚುಗಾರಿಕೆಗೆ ಅಹಭೂನ, ಕಲ್ಲುಗೆಲಸಕ್ಕೆ ಪ್ರತ್ನಸ, ಅಕ್ಕಸಾಲಿಕೆಗೆ ಸುಪರ್ಣಸ. ಹಳ್ಳಿಯ ನಿತ್ಯದ ಕೆಲಸದಲ್ಲಿ ಈ ಗೆರೆಗಳು ಇಷ್ಟು ಬಿಗಿಯಾಗಿರಲಿಲ್ಲ. ಸಣ್ಣ ಊರುಗಳಲ್ಲಿ ಒಂದೇ ಮನೆಯವರು ಮರಗೆಲಸವನ್ನೂ ಕಬ್ಬಿಣದ ಕೆಲಸವನ್ನೂ ಮಾಡುತ್ತಿದ್ದರು. ಬೆಳಗಾವಿ ಜಿಲ್ಲೆಯ ಸಿರಸಂಗಿಯ ಕಾಳಿಕಾದೇವಿ ಮತ್ತು ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಈ ಮನೆತನಗಳು ನಡೆದುಕೊಳ್ಳುವ ಪ್ರಮುಖ ದೈವಗಳು.

12ನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಣ್ಣನೆಂಬ ಬಡಗಿ ವಚನಕಾರನಿದ್ದಾನೆ. ತನ್ನ ಉಪಕರಣವಾದ ಬಾಚಿಯಿಂದಲೇ ಗುರುತಿಸಲ್ಪಟ್ಟ ಈ ಶರಣನ ಹೆಸರು, ಮರಗೆಲಸಕ್ಕೆ ಆ ಕಾಲದಲ್ಲಿ ಕಾಯಕದ ಸ್ಥಾನ ದೊರೆತಿದ್ದಕ್ಕೆ ಸಾಕ್ಷಿ. ಶರಣರ ನಾಯಕ ಬಸವಣ್ಣನ (ಬಸವೇಶ್ವರ) ಊರಾದ ಬಸವನಬಾಗೇವಾಡಿ ವಿಜಯಪುರ ಜಿಲ್ಲೆಯಲ್ಲೇ ಇದೆ.

ಆದಿಲಶಾಹಿ ಕಾಲದಲ್ಲಿ (1490–1686) ವಿಜಯಪುರ ರಾಜಧಾನಿಯಾದಾಗ ಮರಗೆಲಸಕ್ಕೆ ಬೇರೆಯೇ ಪ್ರಮಾಣ ಬಂತು. 1561ರ ಗಗನಮಹಲಿನ ಮಾಳಿಗೆ ಮರದ್ದಾಗಿತ್ತು. ಇಂದು ಕಲ್ಲು-ಗಾರೆಯ ಕಮಾನುಗಳಷ್ಟೇ ನಿಂತಿವೆ. 17ನೆಯ ಶತಮಾನದ ಮಧ್ಯಭಾಗದ ಆಸಾರಮಹಲಿನ ಮುಂಗಟ್ಟನ್ನು ಎತ್ತಿ ಹಿಡಿದಿರುವ ಮರದ ಭಾರೀ ಕಂಬಗಳು ಇವತ್ತಿಗೂ ಇವೆ. ಅರಮನೆಗೆ ಬೇಕಾದಂಥ ತೇಗ (ಸಾಗವಾನಿ) ಈ ಎರೆನೆಲದಲ್ಲಿ ಬೆಳೆಯುವಂಥದಲ್ಲ. ಪಶ್ಚಿಮ ಘಟ್ಟದ ಕಡೆಯಿಂದ ದೂರದ ದಾರಿ ಹಿಡಿದು ಬರಬೇಕಿತ್ತು. ಮೆಹತರ ಮಹಲಿನ ಕಲ್ಲಿನ ಚಾಚುಗಳನ್ನು ಮರದ ಕೆತ್ತನೆಯ ಮಾದರಿಯಲ್ಲೇ ಕಡೆದಿದ್ದಾರೆ. ಬಡಗಿಯ ವಿನ್ಯಾಸಗಳು ಕಲ್ಲುಕುಟಿಗನ ಕೈಗೂ ದಾಟಿದ್ದವೆಂಬುದಕ್ಕೆ ನಗರದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. 1686ರಲ್ಲಿ ಔರಂಗಜೇಬನ ಸೇನೆಗೆ ನಗರ ಸೋತ ಮೇಲೆ ಅರಮನೆಯ ಕೆಲಸ ನಿಂತಿತು. ಹಳ್ಳಿಯ ಕೆಲಸ ಮುಂದುವರಿಯಿತು.

ಬ್ರಿಟಿಷರ ಕಾಲದಲ್ಲಿ ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1876–78ರ ಬರಗಾಲ ಆಗಿನ ಕಲಾದಗಿ ಜಿಲ್ಲೆಯನ್ನು ಹಿಂಡಿಹಾಕಿತು. ದನಗಳು ಸತ್ತು ಒಕ್ಕಲುತನ ನಿಂತ ಊರುಗಳಲ್ಲಿ ರೈತರಿಂದ ಬಡಿಗೇರರಿಗೆ ಸಿಗುತ್ತಿದ್ದ ಕಾಳಿನ ಪಾಲಾದ ಆಯವೂ ನಿಂತಿತು. 1880ರ ದಶಕದಲ್ಲಿ ಜಿಲ್ಲೆಯ ಮುಖ್ಯ ಠಾಣೆ ಕಲಾದಗಿಯಿಂದ ವಿಜಯಪುರಕ್ಕೆ ಬಂತು. ಅದೇ ದಶಕದಲ್ಲಿ ಗದಗ–ಹೋಟಗಿ ರೈಲುದಾರಿಯೂ ತೆರೆಯಿತು. ಕಚೇರಿ, ಬಂಗಲೆ, ಶಾಲೆಗಳ ಕಟ್ಟೋಣದಿಂದ ನಗರದಲ್ಲಿ ದಿನಗೂಲಿಯ ಮರಗೆಲಸ ಬೆಳೆಯಿತು. ಉತ್ತರ ಕನ್ನಡದ ಸಾಗವಾನಿ, ಮತ್ತಿ, ಹೊನ್ನೆ ನಾಟಾ ಬಂಡಿಯ ದಾರಿಯ ಜೊತೆಗೆ ರೈಲಿನಲ್ಲೂ ಬರತೊಡಗಿತು. ಬಬಲೇಶ್ವರ, ತಿಕೋಟಾ ಕಡೆಯ ಕೆಲವು ಕುಟುಂಬಗಳ ಒಂದು ಕವಲು ನಗರ ಸೇರಿ, ಇನ್ನೊಂದು ಊರಲ್ಲೇ ಉಳಿಯುವ ಪದ್ಧತಿಗೆ ಹೀಗೆ ದಾರಿಯಾಯಿತು.

ಆಯದ ಕಟ್ಟು

ಬಡಿಗೇರ ಮನೆತನ ಊರಿನ ಆಯಗಾರರಲ್ಲಿ ಒಂದು. ಈ ಸೀಮೆಯಲ್ಲಿ ಆಯಗಾರರ ಬಳಗವನ್ನು ಬಾರಾ ಬಲುತಿ ಎಂದೂ ಕರೆಯುತ್ತಾರೆ. ಬಡಿಗ, ಕಂಬಾರ, ಕುಂಬಾರ, ಅಗಸ, ಹಡಪದ, ಮಾದಿಗ, ಹೊಲೆಯ, ತಳವಾರ ಮೊದಲಾದವರು ಇದರಲ್ಲಿ ಬರುತ್ತಾರೆ. ಎಣಿಕೆ ಊರಿಂದ ಊರಿಗೆ ಬದಲಾಗುತ್ತದೆ.

ಆಯವೆಂದರೆ ವರ್ಷದ ಒಪ್ಪಂದದ ಕೂಲಿ. ರೈತ ಎಷ್ಟು ಜೋಡಿ ಎತ್ತು ಹೂಡುತ್ತಾನೋ ಅದರ ಮೇಲೆ ಬಡಿಗನ ಪಾಲು ನಿಲ್ಲುತ್ತಿತ್ತು. ಸುಗ್ಗಿಯಲ್ಲಿ ರಾಶಿಯಾದ ಕೂಡಲೇ ಆಯಗಾರರು ಕಣಕ್ಕೆ ಹೋಗಿ ಜೋಳದ ಸೂಡು ಅಥವಾ ಅಳತೆಯ ಕಾಳು ಪಡೆಯುತ್ತಿದ್ದರು. ರೈತ ಕಾಳನ್ನು ಮನೆಗೆ ಸಾಗಿಸುವ ಮೊದಲೇ ಈ ಪಾಲು ಹೊರಬೀಳಬೇಕೆಂಬುದು ವಾಡಿಕೆ. ಬಡಿಗನಿಗೂ ಕಂಬಾರನಿಗೂ ಸಿಗುವ ಪಾಲು ಇತರ ಹಲವು ಆಯಗಾರರಿಗಿಂತ ಹೆಚ್ಚು, ಏಕೆಂದರೆ ಬಿತ್ತಿಗೆಯ ಕೆಲಸ ಇವರಿಬ್ಬರಿಲ್ಲದೆ ಸಾಗುತ್ತಿರಲಿಲ್ಲ.

ಆಯದೊಳಗೆ ಬರುವ ಕೆಲಸಕ್ಕೂ ಹೊರಗಿನ ಕೆಲಸಕ್ಕೂ ಸ್ಪಷ್ಟ ಗೆರೆ ಇತ್ತು. ರಂಟೆ, ಕುಂಟೆ, ಕೂರಿಗೆ, ನೊಗಗಳ ರಿಪೇರಿ ಮತ್ತು ಮರುಜೋಡಣೆ ಆಯದೊಳಗಿನದು. ಹೊಸ ಬಂಡಿ, ಹೊಸ ಗಾಲಿ, ಮನೆಯ ಬಾಗಿಲು, ತೊಲೆ, ತೊಟ್ಟಿಲು ಹೊರಗಿನವು. ಇವಕ್ಕೆ ಬೇರೆ ಕೂಲಿ, ಕೆಲಸ ಮುಗಿಯುವವರೆಗೆ ಊಟ, ಕೆಲವೊಮ್ಮೆ ಬಟ್ಟೆಯ ಉಡುಗೊರೆ. ಎರಡರಲ್ಲೂ ಮರ ರೈತನದು, ಕೈ ಬಡಿಗನದು. ಮರಕ್ಕೆ ಬಡಿಗ ಬಂಡವಾಳ ಹೂಡಬೇಕಾಗಿರಲಿಲ್ಲ. ಬಡ ಕುಟುಂಬವೊಂದು ತಲೆಮಾರುಗಳ ಕಾಲ ಕಸುಬಿನಲ್ಲಿ ಉಳಿಯಲು ಇದೇ ಆಧಾರವಾಗಿತ್ತು. ಬೆಳೆ ಹೋದ ವರ್ಷ ಕೆಲಸ ಮಾಡಿಯೂ ಆಯ ಸಿಗದಿರುವುದು ಇದರ ಇನ್ನೊಂದು ಮುಖ. ಸುಮಾರು 600 ಮಿಲಿಮೀಟರ್ ಮಳೆಯ, ಅದೂ ನಂಬಲಾಗದ ಮಳೆಯ ಈ ಸೀಮೆಯಲ್ಲಿ ಅಂಥ ವರ್ಷಗಳು ಕಡಿಮೆಯಲ್ಲ.

ಕೆಲವು ಊರುಗಳಲ್ಲಿ ಆಯದ ಜೊತೆಗೆ ಇನಾಮು ಹೊಲವೂ ಇತ್ತು. 1874ರ ಮುಂಬಯಿ ವತನ ಕಾಯ್ದೆ ಇಂಥ ವಂಶಪಾರಂಪರ್ಯ ಹಕ್ಕುಗಳನ್ನು ದಾಖಲೆಗೆ ತಂದಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಆ ರಾಜ್ಯ ಮಾಡಿದ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ಕೊನೆಗೊಳಿಸಿತು. ಕಾಳಿನ ಆಯ ಮಾತ್ರ ಕಾಯ್ದೆಗಿಂತ ರೂಢಿಯ ಬಲದ ಮೇಲೆ ಇನ್ನೂ ಕೆಲವು ದಶಕ ನಡೆಯಿತು.

ಮರಗಳು

ಸೀಮೆಯ ಮುಖ್ಯ ಮರ ಕರಿಜಾಲಿ. ಎರೆಹೊಲದ ಬದು, ಹಳ್ಳದ ದಂಡೆ, ಡೋಣಿ ಮತ್ತು ಕೃಷ್ಣಾ ನದಿಗಳ ಬಯಲು ಇದರ ನೆಲೆ. ಗಟ್ಟಿ, ಭಾರ, ಬಡಿತ ತಾಳುವ ಗುಣದಿಂದ ಗಾಲಿ, ರಂಟೆ, ಕುಂಟೆಯ ದಿಂಡುಗಳಿಗೆ ಇದನ್ನೇ ಆರಿಸುತ್ತಾರೆ. ತೊಗಟೆ ಚರ್ಮ ಹದ ಮಾಡುವವರಿಗೆ, ಕಾಯಿ ಕುರಿ-ಆಡುಗಳಿಗೆ, ಅಂಟು ಮಾರಾಟಕ್ಕೆ, ಮುಳ್ಳು ಬೇಲಿಗೆ, ಚಕ್ಕೆ ಒಲೆಗೆ ಹೋಗುತ್ತದೆ. ಹಸಿ ಜಾಲಿಗೆ ಹುಳ ಬೀಳುತ್ತದೆ. ಆದ್ದರಿಂದ ಕಡಿದ ದಿಮ್ಮಿಯನ್ನು ಬಾವಿ, ಕೆರೆ ಅಥವಾ ಹಳ್ಳದ ಮಡುವಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಟ್ಟು, ಆಮೇಲೆ ನೆರಳಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಒಣಗಿದ ಜಾಲಿ ಸೀಳು ಬಿಡುತ್ತದೆ.

ಬೇವು ಹುಳ ಹಿಡಿಯದ ಮರವಾದ್ದರಿಂದ ಜಂತಿ, ಬಾಗಿಲು, ಪೆಟ್ಟಿಗೆಗಳಿಗೆ ಒದಗುತ್ತದೆ. ಹುಣಸೆ ಗಾಣ, ಕೊಡತಿ, ಒನಕೆಗಳಿಗೆ. ಬನ್ನಿಯನ್ನು ದಸರೆಯ ಪೂಜೆಯ ಮರವೆಂದು ಕಡಿಯುವುದಿಲ್ಲ. ಆಲ, ಅರಳಿಗಳಿಗೂ ಇದೇ ಮರ್ಯಾದೆ. ಸಾಗವಾನಿ ಹೊರಗಿನಿಂದ ಬರುವ ಮರ. ಅದನ್ನು ದೇಸಾಯಿ, ಗೌಡ, ಕುಲಕರ್ಣಿಗಳ ವಾಡೆಗಳಲ್ಲಿ, ಮಠಗಳಲ್ಲಿ ಮಾತ್ರ ಕಾಣಬಹುದಿತ್ತು. ದಾಂಡೇಲಿ, ಹಳಿಯಾಳದ ಸರಕಾರಿ ಡಿಪೊಗಳ ಹರಾಜು ಈ ಮರದ ಮುಖ್ಯ ಮೂಲವಾಗಿತ್ತು.

ಮರದ ಅಭಾವವೇ ಇಲ್ಲಿನ ಬಡಿಗತನಕ್ಕೆ ಅದರ ವಿಶೇಷ ಗುಣವನ್ನು ಕೊಟ್ಟಿದೆ. ಮುರಿದ ಬಂಡಿಯ ಮುಂದೆ ಚಾಚಿದ ಮೂಕಿ, ಕುಂಟೆಯನ್ನು ನೊಗಕ್ಕೆ ಜೋಡಿಸುವ ಈಸಾಗುತ್ತದೆ. ಸವೆದ ದಿಂಡು ಕೈಹಿಡಿಯಾದ ಮೇಳಿಯಾಗುತ್ತದೆ. ಬಿದ್ದ ಮನೆಯ ತೊಲೆ ಹೊಸ ಮನೆಯ ಚೌಕಟ್ಟಾಗುತ್ತದೆ. ಬಾಗಿದ ಕೊಂಬೆಯನ್ನು ನೆಟ್ಟಗೆ ಕೊಯ್ದು ಹಾಳುಮಾಡದೆ, ಅದರ ಬಾಗಿಗೆ ತಕ್ಕ ಭಾಗವನ್ನು ಹುಡುಕುವುದು ಒಳ್ಳೆಯ ಬಡಿಗನ ಲಕ್ಷಣ. ಈ ಕಾರಣಕ್ಕೆ ಮರವನ್ನು ಕಡಿಯುವ ಮೊದಲು ನಿಂತಂತೆಯೇ ನೋಡಿ, ಯಾವ ಕೊಂಬೆ ಯಾವುದಕ್ಕೆಂದು ನಿರ್ಧರಿಸುತ್ತಿದ್ದರು.

ಉಪಕರಣಗಳು

ಬಾಚಿ ಮುಖ್ಯ ಉಪಕರಣ. ಅರ್ಧಕ್ಕಿಂತ ಹೆಚ್ಚು ಕೆಲಸ ಇದರಲ್ಲೇ ಆಗುತ್ತದೆ. ದಿಮ್ಮಿ ಸೀಳಲು ಇಬ್ಬರು ಎಳೆಯುವ ದೊಡ್ಡ ಗರಗಸ, ಕೊಡಲಿ, ಬೆಣೆ, ತೂತು ಕೊರೆಯಲು ಹಗ್ಗ ಸುತ್ತಿ ತಿರುಗಿಸುವ ಬೈರಿಗೆ, ಗುಳಿ ತೋಡಲು ಅಗಲ-ಕಿರಿದಿನ ಉಳಿಗಳು ಮತ್ತು ಕೊಡತಿ, ನುಣುಪಿಗೆ ಉಜ್ಜುಗೊರಡು, ಅಳತೆಗೆ ಮೂಲೆಮಟ್ಟ ಮತ್ತು ಬಣ್ಣದ ದಾರ. ಮನೆಯ ಹುಡುಗರ ಕಲಿಕೆ ಬೈರಿಗೆಯ ಹಗ್ಗ ಎಳೆಯುವುದರಿಂದ ಮೊದಲಾಗಿ, ಗರಗಸದ ಕೆಳತುದಿ ಹಿಡಿಯುವುದು, ಉಳಿ ಮಸೆಯುವುದು, ಕೊನೆಗೆ ಬಾಚಿ ಎಂಬ ಕ್ರಮದಲ್ಲಿ ಸಾಗುತ್ತದೆ. ಕೂರಿಗೆಯನ್ನು ಸ್ವತಂತ್ರವಾಗಿ ಜೋಡಿಸಿದವನನ್ನು ಪೂರ್ಣ ಬಡಿಗನೆಂದು ಎಣಿಸುತ್ತಿದ್ದರು.

ಒಕ್ಕಲುತನದ ಸಾಮಾನು

ರಂಟೆ ಉಳುಮೆಗೆ, ಕುಂಟೆ ಹರಗಲು, ಎಡೆಕುಂಟೆ ಬೆಳೆಯ ಸಾಲಿನ ನಡುವೆ ಕಳೆ ತೆಗೆಯಲು, ಕೂರಿಗೆ ಬಿತ್ತಲು. ಇವುಗಳಿಗೆ ಸಮಾನವಾದ ಅಂಗಗಳು ದಿಂಡು, ಈಸು, ಮೇಳಿ. ನೆಲಕ್ಕೆ ತಾಗುವ ಕುಳ ಕಂಬಾರನದು.

ಇವುಗಳಲ್ಲಿ ಕೂರಿಗೆ ಅತ್ಯಂತ ಸೂಕ್ಷ್ಮವಾದದ್ದು. ಮರದ ದಿಂಡಿನಲ್ಲಿ ಸಮ ಅಂತರಕ್ಕೆ ಮೂರು ಅಥವಾ ನಾಲ್ಕು ತಾಳುಗಳನ್ನು ಕೂರಿಸಿ, ಒಂದೊಂದು ತಾಳಿಗೂ ಒಂದು ಬಿದಿರಿನ ಕೊಳವೆ ಜೋಡಿಸುತ್ತಾರೆ. ಕೊಳವೆಗಳೆಲ್ಲ ಮೇಲೆ ಒಂದು ಮರದ ಬಟ್ಟಲಿನಲ್ಲಿ ಕೂಡುತ್ತವೆ. ಬಿತ್ತುವವರು ಬಟ್ಟಲಿಗೆ ಕಾಳು ಬಿಡುತ್ತ ನಡೆದರೆ ಎಲ್ಲ ಸಾಲಿಗೂ ಒಂದೇ ಪ್ರಮಾಣದ ಬೀಜ ಬೀಳಬೇಕು. ಬಟ್ಟಲಿನ ತೂತುಗಳು ಒಂದಿಷ್ಟು ಹೆಚ್ಚು ಕಡಿಮೆಯಾದರೂ ಒಂದು ಸಾಲು ದಟ್ಟವಾಗಿ, ಇನ್ನೊಂದು ತೆಳುವಾಗಿ ಹುಟ್ಟುತ್ತದೆ. ತಪ್ಪು ಇಡೀ ಊರಿಗೆ ಕಾಣುವಂತೆ ಹೊಲದಲ್ಲೇ ನಿಲ್ಲುತ್ತದೆ. ಈಸಿಗೂ ದಿಂಡಿಗೂ ನಡುವಿನ ಕೋನ ಬೀಜದ ಆಳವನ್ನು ನಿರ್ಧರಿಸುತ್ತದೆ. ಹಿಂಗಾರಿ ಬಿಳಿಜೋಳ ಮಳೆ ನಿಂತ ಮೇಲೆ ನೆಲದ ಹಸಿಯಲ್ಲೇ ಬೆಳೆಯುವ ಬೆಳೆ. ಬೀಜ ಮೇಲಾದರೆ ಹಸಿ ತಾಗುವುದಿಲ್ಲ, ಆಳವಾದರೆ ಮೊಳಕೆ ಹೊರಬರುವುದಿಲ್ಲ. ವಿಜಯಪುರ ಸೀಮೆಯ ಜೋಳದ ಬೆಳೆ ಬಡಿಗನ ಬಾಚಿಗೆ ಇಷ್ಟು ನೇರವಾಗಿ ಅಂಟಿಕೊಂಡಿತ್ತು.

ಕೆಲಸದ ವರ್ಷವೂ ಮಳೆಯ ನಕ್ಷತ್ರಗಳಂತೆಯೇ ನಡೆಯುತ್ತಿತ್ತು. ಯುಗಾದಿಯಿಂದ ರೋಹಿಣಿ, ಮಿರಗದವರೆಗೆ ರಂಟೆ, ಕುಂಟೆ, ಬಂಡಿಗಳ ಕೆಲಸ. ಹುಬ್ಬಿ, ಉತ್ತರಿಯ ಹೊತ್ತಿಗೆ ಹಿಂಗಾರಿ ಕೂರಿಗೆಯ ಕೆಲಸ. ರಾಶಿಯ ಮೊದಲು ಕಣದ ಮೇಟಿ ಮತ್ತು ಇತರ ಸಾಮಾನು. ಮದುವೆ, ಮನೆ ಕಟ್ಟುವ ಕೆಲಸ ಬೇಸಿಗೆಯಲ್ಲೇ ಬರುವುದರಿಂದ ಆ ತಿಂಗಳುಗಳಲ್ಲಿ ಬಡಿಗೇರರ ಮನೆಯ ಮುಂದೆ ರೈತರು ಸರದಿ ಕಾಯುತ್ತಿದ್ದರು.

ಬಂಡಿ

ಬಂಡಿ ಅಥವಾ ಚಕ್ಕಡಿ ಬಡಿಗತನದ ಅತಿ ದೊಡ್ಡ ಕೆಲಸ. ಗಾಲಿಯ ನಡುವಿನ ಗುಂಭಕ್ಕೆ ಗುಳಿ ತೋಡಿ ಅರಗಳನ್ನು ಬಡಿದು ಕೂರಿಸುತ್ತಾರೆ. ಅರಗಳ ಹೊರತುದಿಗೆ ಬಾಗುತುಂಡುಗಳನ್ನು ಸುತ್ತಲೂ ಜೋಡಿಸುತ್ತಾರೆ. ಒಂದು ತುಂಡಿಗೆ ಎರಡು ಅರಗಳು ಬರುವುದರಿಂದ ಆರು ತುಂಡಿನ ಗಾಲಿಗೆ ಹನ್ನೆರಡು ಅರಗಳಾಗುತ್ತವೆ. ಮೊಳೆಯಾಗಲಿ ಅಂಟಾಗಲಿ ಇಲ್ಲ. ಗಾಲಿ ನಿಲ್ಲುವುದು ಬಿಗಿತದಿಂದ. ಆ ಬಿಗಿತವನ್ನು ಕೊಡುವುದು ಕಬ್ಬಿಣದ ಹಳಿ.

ಹಳಿ ಹಾಕುವುದು ಬಡಿಗ ಮತ್ತು ಕಂಬಾರ ಕೂಡಿ ಮಾಡುವ ಕೆಲಸ. ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಇಕ್ಕಳಗಳಿಂದ ಎತ್ತಿ ಗಾಲಿಯ ಮೇಲೆ ಕೂರಿಸಿ, ಮರ ಸುಡುವ ಮೊದಲೇ ನೀರು ಹೊಯ್ಯುತ್ತಾರೆ. ಹಳಿ ಕುಗ್ಗಿದಂತೆ ಅರ, ಗುಂಭ, ಬಾಗುತುಂಡುಗಳ ಸಂದುಗಳೆಲ್ಲ ಕೂಡಿಕೊಳ್ಳುತ್ತವೆ. ಬೇಸಿಗೆಯಲ್ಲಿ ಮರ ಒಣಗಿ ಸಂದು ಸಡಿಲವಾದಾಗ ಗಾಲಿಯನ್ನು ನೀರಲ್ಲಿ ನೆನೆಸುತ್ತಾರೆ, ಇಲ್ಲವೇ ಹಳಿ ಕಡಿದು ಮತ್ತೆ ಬಿಗಿಯುತ್ತಾರೆ. ಗಾಲಿ ಅಚ್ಚಿನಿಂದ ಕಳಚದಂತೆ ಹೊರಗೆ ಕಡೆಗೀಲು ಹಾಕಿ, ಸವೆತ ತಪ್ಪಿಸಲು ಕೀಲೆಣ್ಣೆ ಬಿಡುತ್ತಾರೆ. ಮುಂದೆ ಚಾಚಿದ ಮೂಕಿಗೆ ನೊಗ ಕಟ್ಟುತ್ತಾರೆ.

ಮನೆ ಮತ್ತು ಮನೆಬಳಕೆ

ಸೀಮೆಯ ಹಳೆಯ ಮನೆ ಮೇಲ್ಮುದ್ದೆಯದು. ದಪ್ಪ ಗೋಡೆ, ಒಳಗೆ ಮರದ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ಅಡ್ಡಕ್ಕೆ ಜಂತಿ, ಮೇಲೆ ಸಣ್ಣ ಕಟ್ಟಿಗೆ ಹಾಸಿ ಮಣ್ಣಿನ ಮುದ್ದೆ. ಭಾರವೆಲ್ಲ ಮರದ ಚೌಕಟ್ಟಿನ ಮೇಲಿರುವುದರಿಂದ ಮನೆಯ ಅಂಕಣಗಳ ಅಳತೆಯನ್ನು ನಿರ್ಧರಿಸುವುದು ಸಿಕ್ಕ ತೊಲೆಯ ಉದ್ದ. ಕೆತ್ತನೆಗೆ ಜಾಗ ಮುಂಬಾಗಿಲ ಚೌಕಟ್ಟು ಮತ್ತು ಪಡಸಾಲೆಯ ಬೋದಿಗೆಗಳು. ಹೊಸ್ತಿಲು ಇಡುವ ದಿನ ಬಡಿಗನಿಗೆ ಉಡುಗೊರೆ ಸಲ್ಲುತ್ತದೆ.

ಮನೆಬಳಕೆಯ ಸಾಮಾನುಗಳಲ್ಲಿ ರೊಟ್ಟಿಯ ಹಿಟ್ಟು ನಾದುವ ಮರದ ಪಾತ್ರೆ, ಒನಕೆ, ಕಡೆಗೋಲು, ಮಣೆ, ನಾಗರ ಪಂಚಮಿಯ ಜೋಕಾಲಿಯ ಹಲಗೆ, ತೊಟ್ಟಿಲು ಸೇರುತ್ತವೆ. ಅರಗಿನ ಬಣ್ಣದ ಚಿತ್ತಾರದ ತೊಟ್ಟಿಲಿಗೆ ಧಾರವಾಡ ಜಿಲ್ಲೆಯ ಕಲಘಟಗಿ ಹೆಸರಾಗಿದೆ. ವಿಜಯಪುರ ಸೀಮೆಯದು ಬಣ್ಣವಿಲ್ಲದ ಸಾದಾ ತೊಟ್ಟಿಲು.

ಬದಲಾವಣೆ

ಮೊದಲು ಹೋದದ್ದು ಸೀಳುವ ಕೆಲಸ. ನಗರದಲ್ಲಿ ಸಾಮಿಲ್‌ಗಳು ಬಂದ ಮೇಲೆ ಗರಗಸ ಎಳೆಯುವವರು ಬೇಕಾಗಲಿಲ್ಲ. ಕರ್ನಾಟಕದ ಬಹಳಷ್ಟು ಪಟ್ಟಣಗಳಲ್ಲಿ ಸಾಮಿಲ್ ಮತ್ತು ನಾಟಾ ವ್ಯಾಪಾರ ಗುಜರಾತಿನ ಕಚ್ಛದಿಂದ ಬಂದ ಪಟೇಲ ಕುಟುಂಬಗಳ ಕೈಯಲ್ಲಿ ಬೆಳೆಯಿತು. ಮರ ಒದಗಿಸುವವರು ಒಬ್ಬರು, ಕೆಲಸ ಮಾಡುವವರು ಇನ್ನೊಬ್ಬರು ಎಂಬ ವಿಭಜನೆ ಆಗ ನೆಲೆಗೊಂಡಿತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಹೊಲದ ಮರ ಕಡಿಯುವುದನ್ನೂ ಪರವಾನಗಿಗೆ ಒಳಪಡಿಸಿತು. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶದ ಬಳಿಕ ಸಾಮಿಲ್‌ಗಳ ಮೇಲೂ ನಿಯಂತ್ರಣ ಬಿಗಿಯಾಯಿತು.

ಆಯದ ಕಟ್ಟನ್ನು ನಿಜವಾಗಿ ಒಡೆದದ್ದು ಎತ್ತುಗಳ ಇಳಿಕೆ. ಟ್ರ್ಯಾಕ್ಟರು, ಕಬ್ಬಿಣದ ಕೂರಿಗೆ, ರಬ್ಬರ್ ಟೈರಿನ ಬಂಡಿಗಳು ಬಂದಂತೆ ಜೋಡಿ ಎತ್ತಿನ ಲೆಕ್ಕದ ಆಯಕ್ಕೆ ಆಧಾರವೇ ಉಳಿಯಲಿಲ್ಲ. ಮೇಲ್ಮುದ್ದೆಯ ಬದಲು ಆರ್‌ಸಿಸಿ ಛಾವಣಿ, ಮರದ ಚೌಕಟ್ಟಿನ ಬದಲು ಕಬ್ಬಿಣ ಮತ್ತು ಸಿಮೆಂಟಿನದು ಬಂದವು. ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಿಂದ ಕೃಷ್ಣೆಯ ನೀರು ತಿಕೋಟಾ, ಬಬಲೇಶ್ವರದ ಒಣಭೂಮಿಗೆ ತಲುಪಿತು. ದ್ರಾಕ್ಷಿ ಮತ್ತು ಕಬ್ಬು ಜೋಳದ ಹೊಲಗಳಿಗೆ ಹರಡಿದವು. ದ್ರಾಕ್ಷಿ ಚಪ್ಪರಕ್ಕೆ ಬೇಕಾದದ್ದು ಕಬ್ಬಿಣದ ಕಂಬ ಮತ್ತು ತಂತಿ. ಒಣಭೂಮಿಯ ಬಡಿಗತನಕ್ಕೆ ನೀರಾವರಿಯಲ್ಲಿ ಜಾಗ ಸಣ್ಣದಾಯಿತು.

ಪ್ರಸ್ತುತ ಸ್ಥಿತಿ

ಈಗ ಬಡಿಗೇರ ಕುಟುಂಬಗಳ ಹೆಚ್ಚಿನವರು ಮೂರು ದಾರಿಗಳಲ್ಲಿದ್ದಾರೆ. ಕೆಲವರು ವೆಲ್ಡಿಂಗ್ ಅಂಗಡಿ ತೆರೆದು ಅದೇ ಕುಂಟೆ, ಕೂರಿಗೆಗಳನ್ನು ಕಬ್ಬಿಣದಲ್ಲಿ ಮಾಡುತ್ತಾರೆ. ಉಪಕರಣದ ಅಳತೆ, ಕೋನ, ಸಾಲಿನ ಅಂತರದ ತಿಳಿವಳಿಕೆ ಮರದಿಂದ ಕಬ್ಬಿಣಕ್ಕೆ ಹೀಗೆ ದಾಟಿದೆ. ಕಸುಬಿನ ಅತ್ಯಂತ ಬೆಲೆಯುಳ್ಳ ಭಾಗ ಉಳಿದಿರುವುದೂ ಇಲ್ಲಿಯೇ. ಇನ್ನು ಕೆಲವರು ನಗರದಲ್ಲಿ ಪ್ಲೈವುಡ್, ಮೈಕಾ ಹಚ್ಚಿದ ಪೀಠೋಪಕರಣ, ಬಾಗಿಲುಗಳ ಕೆಲಸದಲ್ಲಿದ್ದಾರೆ. ಉಳಿದವರು ಕಸುಬು ಬಿಟ್ಟು ನೌಕರಿ, ವ್ಯಾಪಾರ, ಪುಣೆ-ಬೆಂಗಳೂರಿನ ದುಡಿಮೆಗೆ ಹೋಗಿದ್ದಾರೆ.

ಮರದ ಬಂಡಿಗೆ ಬೇಡಿಕೆ ಪೂರ್ತಿ ನಿಂತಿಲ್ಲ. ಕಾರಹುಣ್ಣಿಮೆ ಮತ್ತು ಜಾತ್ರೆಗಳ ಹೊತ್ತಿನ ಬಂಡಿ ಓಟ, ತೆರೆಬಂಡಿ ಸ್ಪರ್ಧೆಗಳಿಗೆ ಮರದ ಗಾಲಿ ಈಗಲೂ ಬೇಕು. ಸಂಕ್ರಾಂತಿಯ ಹೊತ್ತಿಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಒಕ್ಕಲುತನದ ಸಾಮಾನುಗಳೂ ಮಾರಾಟಕ್ಕೆ ಬರುತ್ತವೆ.

ಮರದ ಪೂರೈಕೆಯ ಸ್ವರೂಪವೂ ಬದಲಾಗುತ್ತಿದೆ. ಕರಿಜಾಲಿ ಬದುಗಳಿಂದ ಕಡಿಮೆಯಾಗಿ, ಹೊರಗಿನಿಂದ ಬಂದ ಬಳ್ಳಾರಿ ಜಾಲಿ ಪಾಳು ನೆಲವನ್ನು ಹಿಡಿದಿದೆ. ಇದು ಉರುವಲು ಮತ್ತು ಇದ್ದಿಲಿಗೆ ಆಗುತ್ತದೆಯೇ ಹೊರತು ಗಾಲಿಗೆ ಆಗುವುದಿಲ್ಲ. 2016ರಲ್ಲಿ ಜಿಲ್ಲೆಯಲ್ಲಿ ಆರಂಭವಾದ ಕೋಟಿ ವೃಕ್ಷ ಅಭಿಯಾನ ಸಸಿ ನೆಡುವಿಕೆಯನ್ನು ವ್ಯಾಪಕವಾಗಿ ಕೈಗೊಂಡಿದೆ. ನೀರಾವರಿ ಹೊಲಗಳ ಬದುಗಳಲ್ಲಿ ಸಾಗವಾನಿ, ಹೆಬ್ಬೇವು ನೆಡುವವರೂ ಇದ್ದಾರೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರ ಸರಕಾರದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಗುರುತಿಸಿದ್ದು, ಮರಗೆಲಸ ಅವುಗಳಲ್ಲಿ ಒಂದು. ತರಬೇತಿ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಕಂತು 1 ಲಕ್ಷ, ಎರಡನೆಯ ಕಂತು 2 ಲಕ್ಷ ರೂಪಾಯಿವರೆಗೆ ಸಾಲ ಇದರಲ್ಲಿವೆ. ಒಂದು ಕುಟುಂಬದಿಂದ ಒಬ್ಬರು ಮಾತ್ರ ಇದಕ್ಕೆ ನೋಂದಾಯಿಸಿಕೊಳ್ಳಬಹುದು.